ನನ್ನ ಪಾಲಿನ ಬಾಟಲಿ

ತಿಂಗಳ ಮೊದಲ ವಾರ ಈಗಲೂ ಹೋಗುತ್ತೇನೆ
ವಿರಾಜಪೇಟೆಯ ಮಿಲಿಟರಿ ಕ್ಯಾಂಟೀನಿಗೆ,
ಕಾರ್ಡು ಅಂಗಿಯ ಜೇಬಲ್ಲಿ, ಚೀಲ ಕಂಕುಳಲ್ಲಿ.
ಸಾಲಿನಲ್ಲಿ ನಿಂತವರೆಲ್ಲ ನನ್ನಂತೆಯೇ
ಮಂಡಿ ನೋವಿನವರು, ಪಿಂಚಣಿಯವರು,
ಯಾವ ರೆಜಿಮೆಂಟು, ಯಾವ ಚಳಿ, ಯಾವ ಸಾಹೇಬ ಎಂದು
ಒಂದೇ ಕತೆಯನ್ನು ತಿಂಗಳು ತಿಂಗಳು
ಗೇಣುದ್ದ ಬೆಳೆಸುವವರು.
ನನ್ನ ಸರದಿ. ಸೋಪು ನಾಲ್ಕು, ಟೀ ಪುಡಿ, ಪೇಸ್ಟು.
ಹುಡುಗ ಕಂಪ್ಯೂಟರ್ ನೋಡಿ ಕೇಳುತ್ತಾನೆ:
"ಸುಬೇದಾರ್ರೇ, ನಿಮ್ಮ ರಮ್ಮು ಹಾಗೇ ಇದೆಯಲ್ಲ?"
ಹಿಂದಿನ ಸಾಲು ಒಮ್ಮೆಗೇ ಗಪ್‌ಚುಪ್.
ಇರಲಿ ಮಗ, ನಾನೂ ಹಾಗೇ ಇದ್ದೇನೆ.

ಹನ್ನೊಂದು ತಿಂಗಳಾಯಿತು.
ಮೊದಲ ತಿಂಗಳು ಯಾರೂ ನಂಬಲಿಲ್ಲ.
ಎರಡನೆಯದರಲ್ಲಿ ಎಲ್ಲರೂ ಡಾಕ್ಟರಾದರು:
ಲಿವರಾ? ಶುಗರಾ? ಯಾವ ಸ್ವಾಮಿಯ ಮಾಲೆ?
ಇಸ್ಪೀಟಿನ ರಾತ್ರಿಗಳು ನನ್ನ ಜಗುಲಿಯಿಂದ ಎದ್ದು
ಉತ್ತಯ್ಯನ ಜಗುಲಿಗೆ ಹೋದವು.
ಆಮೇಲೊಮ್ಮೆ ಮಾಚಯ್ಯ ಹೇಳಿಯೇಬಿಟ್ಟ:
"ನೀನು ಕುಡಿಯದೆ ಕೂತರೆ
ನಾವು ಕುಡಿಯುತ್ತಿರೋದು ಕಾಣುತ್ತೆ ಕಣೋ."
ಅಷ್ಟು ಹೇಳಲು ಅವನಿಗೆ ಮೂರು ಪೆಗ್ಗು ಬೇಕಾಯಿತು.

ಕಾರಣ ಯಾರಿಗೂ ಹೇಳಿಲ್ಲ.
ಒಂದು ರಾತ್ರಿ ಕಾಫಿ ಕಣದ ಬಳಿ ಜೀಪು ಹಿಂದೆ ತೆಗೆದಾಗ
ಚಕ್ರಕ್ಕೆ ಮೆತ್ತಗೆ ಏನೋ ಸಿಕ್ಕಿತು.
ಇಳಿದು, ಬಾನೆಟ್ಟು ಹಿಡಿದು, ಸುತ್ತಿ ಬಂದು ನೋಡಿದರೆ
ಗೋಣಿಚೀಲ. ಅಷ್ಟೇ.
ಅದೇ ಗೋಣಿಯ ಮೇಲೆ ಸಂಜೆ
ಲೈನ್‌ಮನೆಯ ಗೌರಿಯ ಮಗು ಮಲಗಿತ್ತು.
ಮಲಗಿತ್ತು, ಆಮೇಲೆ ಎದ್ದು ಹೋಗಿತ್ತು.
ಒಂದು ಗೋಣಿಚೀಲದ ಮೇಲೆ ಚಕ್ರ ಹತ್ತಿತೆಂದು
ಯಾರಾದರೂ ಕುಡಿತ ಬಿಡುತ್ತಾರೆಯೇ?

ಮೊನ್ನೆ ಅಮ್ಮತ್ತಿಯಲ್ಲಿ ಬೊಳ್ಳಮ್ಮನ ಮಗಳ ಮದುವೆ.
ಕುಪ್ಯ ತೊಟ್ಟು, ಚೇಲೆ ಬಿಗಿದು,
ಕೈಗೊಂದು ಲೋಟ ಬೇಕಲ್ಲ ಎಂದು
ನಿಂಬೆ ಹಿಂಡಿದ ಸೋಡಾ ಹಿಡಿದು ನಿಂತೆ.
ಗುಳ್ಳೆಗಳು ಅವಸರದಲ್ಲಿ ಮೇಲೇರಿ
ಏನೂ ಹೇಳದೆ ಒಡೆದುಹೋದವು.
ಪಂದಿ ಕರಿಯಲ್ಲಿ ಕಾಚಂಪುಳಿ
ಅಷ್ಟು ತಡವಾಗಿ, ನಾಲಗೆಯ ಅಷ್ಟು ಹಿಂದೆ ಬರುತ್ತದೆಂದು
ಅರವತ್ತೆರಡಕ್ಕೆ ಗೊತ್ತಾಯಿತು.

ವಾಲಗ ಶುರುವಾದಾಗ ಕಂಬಕ್ಕೆ ಒರಗಿದೆ.
ಕಾಲು ಮರದ ಕಾಲು.
ಇಷ್ಟು ವರ್ಷ ಕುಣಿದದ್ದು ನಾನೋ, ಅದೋ?
ಎಂಬತ್ತು ದಾಟಿದ ಚೋಂದಮ್ಮತ್ತೆ ಬಂದು
ಲೋಟ ಕಿತ್ತು, ಮೂಸಿ,
"ಥೂ, ಬರೀ ನಿಂಬೆ" ಎಂದು ಬೈದು, ಪೂರ್ತಿ ಕುಡಿದು,
ಖಾಲಿಯಾದ ನನ್ನ ಕೈ ಹಿಡಿದು ನಡೆದಳು.
ಕುಣಿದೆ. ಕೆಟ್ಟದಾಗಿ.
ತಾಳ ಕೇಳಿಸುತ್ತಿತ್ತು, ಅದೇ ತೊಡಕು.
ಡೋಲಿನವನ ಹುಬ್ಬಿನ ಮೇಲೆ ಬೆವರ ಹನಿ,
ಅವನು ನನ್ನ ಪಾದ ನೋಡಿ ನಕ್ಕದ್ದು,
ಎಲ್ಲ ಕಾಣುತ್ತಿತ್ತು.

ರಾತ್ರಿ ಎರಡಕ್ಕೆ ಎಲ್ಲರ ಜೀಪಿನ ಕೀಲಿಯೂ ನನ್ನ ಕೈಗೆ.
"ಗೆಳೆಯ ಹೋಗಿ ಡ್ರೈವರ್ ಸಿಕ್ಕಿದ" ಎಂದು ಉತ್ತಯ್ಯ.
ನಗಲಿ.
ಸಿದ್ದಾಪುರದ ದಾರಿಯಲ್ಲಿ ಆನೆ ದಾಟುವವರೆಗೆ
ದೀಪ ಆರಿಸಿ ಕಾದೆವು.
ಮಾಚಯ್ಯ ಹಿಂದಿನಿಂದ ನನ್ನ ಹೆಗಲಿಗೆ ಗಲ್ಲವಿಟ್ಟು,
"ಎಷ್ಟಿವೆ?"
"ಮೂರು."
"ನನಗೆ ಐದು ಕಂಡಿತು" ಎಂದ, ಬೇಸರದಿಂದಲ್ಲ.
ಆಮೇಲೆ ಬಹಳ ಹೊತ್ತಿಗೆ:
"ಭಾನುವಾರ ನಿನ್ನ ಜಗುಲಿಗೇ ಬರ್ತೇವೆ, ಕಾಫಿ ಮಾಡಿಡು.
ಎರಡು ಸುತ್ತು ಆಡಿ, ಮಿಕ್ಕಿದ್ದು ಉತ್ತಯ್ಯನಲ್ಲಿ."

ಮುಂದಿನ ತಿಂಗಳು ಕಾರಣರಿಗೆ ಮೀದಿ ಇಡುವುದಿದೆ.
ಒಂದು ಬಾಟಲಿ ತೆಗೆಯಬೇಕು.
ಕೌಂಟರಿನ ಹುಡುಗ ಕಣ್ಣರಳಿಸುತ್ತಾನೆ,
ಹಿಂದಿನ ಸಾಲು ನೆಮ್ಮದಿಯ ಉಸಿರು ಬಿಡುತ್ತದೆ.
ನನಗಲ್ಲಪ್ಪ, ಅಪ್ಪನಿಗೆ, ಎಂದರೆ ನಂಬುತ್ತಾರೆಯೇ?
ಅಪ್ಪನಿಗೆ ನೀರು ಬೆರೆಸುವಂತಿಲ್ಲ,
ಬದುಕಿದ್ದಾಗಲೂ ಬಿಟ್ಟವನಲ್ಲ.
ಅವನ ಲೋಟ ತುಂಬಿಸಿಟ್ಟ ಮೇಲೆ
ಉಳಿದ ಮುಕ್ಕಾಲು ಬಾಟಲಿ
ಎಲ್ಲಿಡುವುದು ಎಂಬುದೊಂದು
ಇನ್ನೂ ತೀರ್ಮಾನವಾಗಿಲ್ಲ.