ಐದನೆಯವನು

ಕೂರುವ ಮೊದಲು ಅಪ್ಪ ಗೋಡೆ ಮುಟ್ಟುತ್ತಾನೆ.
ಆಮೇಲೆ ಮಂಚದ ಅಂಚು, ಆಮೇಲೆ ಬಲಗಾಲು,
ತುಂಬಾ ಹೊತ್ತಿನ ಮೇಲೆ ಎಡಗಾಲು.
ಯಾರದೋ ಸಾಮಾನು ಇಳಿಸಿದ ಹಾಗೆ
ತನ್ನನ್ನು ತಾನೇ ಇಳಿಸಿಕೊಳ್ಳುತ್ತಾನೆ.

ಹದಿನೇಳು ವರ್ಷ ಸ್ಯಾಪರ್.
ಯುದ್ಧದ ಕತೆ ಹೇಳು ಅಂದರೆ
ಹೇಳಿದ್ದೆಲ್ಲ ಬರೀ ತೂಕದ ಕತೆ:
ಒಂದು ಕಬ್ಬಿಣದ ಪ್ಯಾನೆಲ್ಲು, ಇನ್ನೂರ ಅರವತ್ತು ಕೇಜಿ,
ಆರು ಜನ, ಮೂರು ಅಡ್ಡಕೋಲು,
ಹಿಮದ ಹೊಳೆ, ಬೆಳಗಾಗುವುದರೊಳಗೆ ಸೇತುವೆ.
ಅಲ್ಲಿ ಶತ್ರು ಯಾರಪ್ಪಾ?
ಸ್ವಲ್ಪ ಯೋಚಿಸಿ ಅಂದ: "ಐದನೆಯವನು.
ಸುಸ್ತಾಯ್ತು ಅಂತ ಬಾಯಿ ಬಿಡದೆ
ಕೈ ಬಿಡ್ತಾನಲ್ಲ, ಅವನು."

ಲಾರಿ ದಾಟಿದ ಮೇಲೆ ಬಿಚ್ಚಿ, ಮತ್ತೆ ಹೊರುತ್ತಿದ್ದರಂತೆ.
ಅವನು ಕಟ್ಟಿದ ಸೇತುವೆ ಒಂದೂ ಈಗ ಎಲ್ಲೂ ಇಲ್ಲ.

ಚಿಕ್ಕಬಳ್ಳಾಪುರದ ಡಾಕ್ಟರು
ಮಂಡಿಯ ಎಕ್ಸ್‌ರೇ ಕಿಟಕಿಗೆ ಹಿಡಿದು
"ಗಾರೆ ಕೆಲಸ ಮಾಡ್ತಿದ್ರಾ?" ಅಂದರು.
"ಹೂಂ" ಅಂದ.
ಬಸ್ಸಿನುದ್ದಕ್ಕೂ ನಾನು ಮುಖ ಊದಿಸಿ ಕೂತೆ.
ಅವನು ದಾರಿಬದಿಯ ಬಂಡೆಗಳನ್ನು ನೋಡುತ್ತಿದ್ದ,
ಇದಕ್ಕೆ ಎಷ್ಟು ಜನ ಬೇಕು ಅನ್ನುವ ಹಾಗೆ.

ಹೋದ ತಿಂಗಳು ಶಿಡ್ಲಘಟ್ಟದ ನಮ್ಮ ಗಲ್ಲಿಗೆ
ಖಾಸಿಂ ಸಾಬರ ರೀಲಿಂಗ್ ಶೆಡ್ಡಿನ ಬಾಯ್ಲರು ಬಂತು.
ಗಲ್ಲಿ ಸಣ್ಣದು, ಕ್ರೇನು ತಿರುಗದು.
ಹತ್ತು ಹುಡುಗರು, ಹತ್ತು ಬಾಯಿ,
ನೀನೆತ್ತೋ, ಏಯ್ ನೀನೆತ್ತೋ.
ಗೂಡು ಬೇಯಿಸಿದ ವಾಸನೆಯೊಳಗೆ
ಬನಿಯನ್ನಿನಲ್ಲೇ ಎದ್ದು ಹೋದ ಅಪ್ಪ
ಎತ್ತರ ನೋಡಿ ಜೋಡಿ ಕಟ್ಟಿದ, ನಾಲ್ವರನ್ನು ಆಚೆ ಕಳಿಸಿದ.
"ಬೆನ್ನು ನೆಟ್ಟಗೆ. ಭಾರ ತೊಡೆಗೆ. ಉಸಿರು ಬಿಡ್ತಾ..."
ಆಮೇಲೆ ಮೆಲ್ಲಗೆ, "ಉಠಾವ್."

ಆ ದನಿ ನಮ್ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ.
ಬಾಯ್ಲರು ನೆಲ ಬಿಟ್ಟಿತು.

ಹತ್ತು ಹೆಜ್ಜೆಗೆ "ಇಳಿಸಿ" ಅಂದ.
ಯಾಕೆ ಬಚ್ಚಪ್ಪಣ್ಣ, ಸರಿಯಾಗೇ ಹೋಗ್ತಿತ್ತಲ್ಲ?
ಅಪ್ಪ ಉತ್ತರ ಕೊಡಲಿಲ್ಲ.
ನಾನು ಮೆಟ್ಟಿಲ ಮೇಲಿಂದ ಎಣಿಸಿದೆ:
ಐದನೆಯವನು ತಬ್ರೇಜ್, ಸಾಬರ ಕಿರಿಮಗ,
ಮೀಸೆ ಇನ್ನೂ ಮೂಡದವನು,
ಮೊಣಕೈ ತಂತಿಯ ಹಾಗೆ ನಡುಗುತ್ತಿತ್ತು.
ನಲವತ್ತು ಹೆಜ್ಜೆಗೆ ಮೂರು ಸಲ ಇಳಿಸಿದ.
ಯಾರ ಹೆಸರೂ ಎತ್ತಲಿಲ್ಲ.

ಈಗ ದಿನಾ ಐದಕ್ಕೆ ತಬ್ರೇಜ್ ಬಾಗಿಲು ಬಡಿಯುತ್ತಾನೆ.
ಕೋಲಾರದಲ್ಲಿ ಭರ್ತಿ ರ‍್ಯಾಲಿ ಇದೆಯಂತೆ,
ಸಾವಿರದ ಆರುನೂರು ಮೀಟರು ಓಡಬೇಕಂತೆ.
ಬೇಡ ಅನ್ನು ಅಂತ ಸಾಬರು ಅಪ್ಪನಿಗೆ ಹೇಳಿದ್ದಾರೆ.
ಹೋಗು ಅಂತಲೂ ಅಪ್ಪ ಅಂದಿಲ್ಲ.
ಕೆರೆ ಏರಿಯ ಕಲ್ಲಿನ ಮೇಲೆ ಕಾಲು ಚಾಚಿ ಕೂರುತ್ತಾನೆ,
ಕೈಯಲ್ಲಿ ನನ್ನ ಫೋನು.

ಇವತ್ತು ಮೂರನೇ ಸುತ್ತಿಗೆ ಹುಡುಗ ಬಗ್ಗಿ, ಮಂಡಿ ಹಿಡಿದು
"ಅಂಕಲ್, ಸುಸ್ತಾಯ್ತು" ಅಂದ.
ಅಪ್ಪನ ಮುಖ ಅರಳಿದ್ದು
ಕತ್ತಲಲ್ಲೂ ನನಗೆ ಕಂಡಿತು.
"ಕೂತ್ಕೋ" ಅಂದ, ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಫೋನಿನಲ್ಲಿ ಗಡಿಯಾರ ಓಡುತ್ತಲೇ ಇತ್ತು.
ನಿಲ್ಲಿಸುವುದು ಅವನಿಗೆ ಗೊತ್ತಿಲ್ಲ.