ಫೆಬ್ರುವರಿ ಮೂವತ್ತು

ಮುನ್ನೂರು ವರ್ಷ ಕುದಿಸಾಕ
ನನಗ ಹಿಡದದ್ದು ಬರೇ ಮುಕ್ಕಾಲು ತಾಸು,
ಒಂದು ಪಾತೇಲಿ, ನಿನ್ನಿ ಉಳಿದ ಚಾಪುಡಿ.
ಪಣಜಿ ಬಸ್‌ಸ್ಟ್ಯಾಂಡ್ ಹಿಂದಿನ ಕ್ಯಾಂಟೀನಿನಾಗ
ಎವರಿಸ್ತೊ ಹಾಳಿ ಅದ್ದಿ ಅದ್ದಿ ತೆಗದು
ಚಡ್ಡಿ ಬನಿಯನ್ನಿನ ನಡುವ ಹಗ್ಗಕ್ಕ ಒಣಹಾಕಿದ:
ಪೋರ್ತುಗೀಜ ವೈಸರಾಯನ ಅಡಿಗಿಯವನ ದಿನಚರಿ.

ಮೊದಲು ಅಂವ ಬಾರಿನ ಬೋರ್ಡು ಬರೀತಿದ್ದ.
ಫ್ಲೆಕ್ಸ್ ಬಂತು, ಕುಂಚ ಒಣಗಿತು.
"ಇತಿಹಾಸಕ್ಕ ಇನ್ನೂ ಫ್ಲೆಕ್ಸ್ ಬಂದಿಲ್ಲೋ ಯಮನೂರಾ" ಅಂತಿದ್ದ.

ಸಂಪಾದಕ ಕುಂಕಳ್ಯೇಂಕರ್ ಹಾಳಿಗೆ ಮೂಗು ಹಚ್ಚಿ
ಕಣ್ಣು ಮುಚ್ಚಿದ:
"ಆಹಾ, ಲಿಸ್ಬನ್ ಹಡಗಿನ ವಾಸನಿ!"
ಶುಂಠಿ ಜಾಸ್ತಿ ಬಿದ್ದಿತ್ತು ಆವತ್ತು.

ಹನ್ನೊಂದು ಕಂತು, ದಿನಾ ಮೊದಲ ಪುಟ.
ವೈಸರಾಯ ಗೊರಕಿ ಹೊಡದದ್ದು,
ಗಂಟಲಾಗ ಮೀನಿನ ಮುಳ್ಳು ಸಿಕ್ಕು ಯುದ್ಧ ಮುಂದ ಹೋದದ್ದು.
ಒಂಬತ್ತನೇ ಕಂತಿಗೆ ಎವರಿಸ್ತೊ
ಫೆನ್ನಿ ಒಂದು ಗ್ಲಾಸು ಹೆಚ್ಚಿಗಿ ಏರಿಸಿ
ಫೆಬ್ರುವರಿ ಮೂವತ್ತು ಅಂತ ಬರದುಬಿಟ್ಟ.

ಮುಗೀತು ಅಂದೆ ನಾನು. ಗಂಟು ಕಟ್ಟಿದೆ.
ಟೀವಿಯೊಳಗ ಪ್ರೊಫೆಸರ್ ಲೋಟ್ಲೀಕರ್ ಶಾಲು ಸರಿಮಾಡಿಕೊಂಡು,
"ಅಡಿಗೆಯವರಿಗೆ ಅಂದು
ಪ್ರತ್ಯೇಕ ಪಂಚಾಂಗ ಇದ್ದಿರಲೇಬೇಕು" ಅಂದರು.
ಮರುದಿನ ಪೇಪರಿನ ನೆತ್ತಿ ಮ್ಯಾಲ:
ಕಳೆದುಹೋದ ದಿನ ಗೋವೆಯಲ್ಲಿ ಪತ್ತೆ!
ಮಾಪ್ಸಾದ ಏಳನೇತ್ತೆ ಹುಡುಗಿಯೊಬ್ಬಾಕಿ ಪತ್ರ ಬರದ್ಲಂತ,
ವಾಪಸ್ ಬಂತಂತ:
ಆಧಾರ ಲಗತ್ತಿಸಿಲ್ಲ.

ಅದ ವಾರ ನಾನೂ ಕಚೇರಿ ಮುಂದ ನಿಂತಿದ್ದೆ,
ಮುದ್ದೇಬಿಹಾಳದ ಸಾಲಿ ಕೊಟ್ಟ ಖರೇ ದಾಖಲೆ ಹಿಡಕೊಂಡು.
ಸಾಹೇಬ ಬೆಳಕಿಗೆ ಎತ್ತಿ ನೋಡಿದ.
"ಚಾದ ಕಲಿ ಐತಿ. ನಕಲಿ."

ಆವತ್ತು ರಾತ್ರಿ ಎವರಿಸ್ತೊ
ಹೊಸ ಹಾಳಿ ಹಾಸಿದ, ಆಲೂಗಡ್ಡಿಯೊಳಗ ಶಿಕ್ಕಾ ಕೆತ್ತಿದ.
ತಾರೀಕಿನ ಜಾಗಾ ಬಂದಾಗ ನನ್ನ ಮಾರಿ ನೋಡಿ ನಕ್ಕ.
"ಪೇಪರಿನಾಗ ಬಂದದ್ದು ಸುಳ್ಳಾಗತೈತೇನೋ?"
ಸಾಹೇಬ ಓದಲೇ ಇಲ್ಲ. ಸಹಿ ಹೊಡದ.

ಈಗ ಕಾರ್ಡಿನ ಮ್ಯಾಲ ನಾ ಹುಟ್ಟಿದ್ದು ಫೆಬ್ರುವರಿ ಮೂವತ್ತಕ್ಕ.
ಇಪ್ಪತ್ತೆಂಟಕ್ಕ ಮಲಗತೀನಿ, ಎದ್ದರ ಮಾರ್ಚ್ ಒಂದು.
ಕೂದಲು ಹಣ್ಣಾಗ್ಯಾವ,
ವಯಸ್ಸು ಮಾತ್ರ ಹೊರಗ ಕಟ್ಟಿ ಮ್ಯಾಲ ಕುಂತು
ಆ ದಿನದ ಹಾದಿ ಕಾಯಾಕತ್ತೈತಿ.

ವರ್ಷಾ ಅದ ರಾತ್ರಿ ಹನ್ನೆರಡಕ್ಕ,
ಎರಡು ತಾರೀಕಿನ ಸಂದಿಯೊಳಗ ಮೈ ತೂರಿಸಿ
ಎವರಿಸ್ತೊ ಬೆಬಿಂಕಾದ ತುಂಡು ತರತಾನ.
"ಲಗೂನ ತಿನ್ನು" ಅಂತಾನ,
"ದಿನಾ ಮುಗದ್ಹೋಗತೈತಿ."