ಉದ್ದೇಶದ ಮನಿ

ಲಾಗ್‌ಬುಕ್ಕಿನ್ಯಾಗ ಐದು ಮನಿ:
ತಾರೀಖು, ಊರು, ಹೋದಾಗಿನ ಕಿಲೋಮೀಟರು, ಬಂದಾಗಿನದು,
ಕಡೀಕ, ಎರಡು ಬೆರಳಗಲದ್ದು, ಉದ್ದೇಶ.

ಮೊದಲನೇ ವರ್ಷ ಒಂದ ಗಾಡಿ, ಒಂದ ನರ್ಸು, ಒಂದ ಗುರುವಾರ.
ಬೆಟಗೇರಿ ದಾಟತಿದ್ದಿಲ್ಲ ನಾವು.
ನನಗೋ ಹಳೇ ಹೆಸರು ಬೆನ್ನಿಗೆ,
ಹನ್ನೊಂದು ವರ್ಷ ಮುನಸಿಪಾಲ್ಟಿ ಹೆಣದ ಗಾಡಿ ಹೊಡದಾಂವ.
ನೇಕಾರ ಓಣ್ಯಾಗ ಬ್ರೇಕು ಒತ್ತಿದರ
ಮಗ್ಗ ನಿಂತು ಬಿಡತಿದ್ದವು.
‘ಇನ್ನೂ ಉಸರೈತೋ ಇಮಾಮಾ, ಈಗ ಯಾಕ ಬಂದಿ?’
ಅಂಬುಬಾಯಿ ಬಾಗಿಲಕ್ಕ ಅಡ್ಡ ನಿಂತಳು.

ದೀನಮ್ಮ ಸಿಸ್ಟರು ಚೀಲ ಹಿಡದು ಇಳದರು.
ಗಂಟಲ ಹುಣ್ಣು ತೊಳದು, ದಿಂಬಿನ ಮಗ್ಗಲಕ ಕೂತು,
‘ಹತ್ತರಾಗ ಎಷ್ಟರೀ ನೋವು?’
ಗಣಪತಸಾನ ಬಾಯಿ ಬಿದ್ದು ತಿಂಗಳಾಗಿತ್ತು.
ಬೆರಳು ಎಣಸಲಿಲ್ಲ ಆತ,
ಮಗ್ಗದ ಕಡೆ ಕೈ ಮಾಡಿದ:
ಈ ದಡಿಯಿಂದ ಆ ದಡಿತನಕ, ಪೂರಾ ಹಾಸು.

ಸಿಸ್ಟರು ಫಾರಮಿನ್ಯಾಗ ‘ಒಂಬತ್ತು’ ಬರದರು.

ಗುಳಿಗಿಗೆ ಪರವಾನಗಿ ಬರಾಕ ಹದಿನಾಲ್ಕು ತಿಂಗಳು.
ಫೈಲು ಹೋತು, ಬಂತು,
ಒಂದು ಸಹಿ ಬಿಟ್ಟೈತೆಂದು ಮತ್ತ ಹೋತು.
ಅಷ್ಟರಾಗ ನನ್ನ ಬುಕ್ಕಿನ್ಯಾಗ ಮೂವತ್ತೊಂದು ಮನಿಗಳಿಗೆ
ಮತ್ತ ಹೋಗೂದು ಇರಲಿಲ್ಲ.
ಗಣಪತಸಾನದು ಎಂಟನೇದು.

ಬಂದ ಮ್ಯಾಲೆ ನೋಡಿದರ, ಏನು, ತೊಗರಿ ಬ್ಯಾಳಿಯಷ್ಟು.
ಕಪಾಟಿಗೆ ಎರಡು ಕೀಲಿಕೈ:
ಒಂದು ಡಾಕ್ಟರ ಕಿಸೇದಾಗ,
ಒಂದು ದೀನಮ್ಮನ ಕೊರಳಾಗ, ಶಿಲುಬೆಗೆ ತಾಗಿ
ಸಣ್ಣಗ ಸಪ್ಪಳ ಮಾಡಕೋತ.

ಆಮ್ಯಾಲೆ ಮುಳಗುಂದ. ರೋಣ. ಶಿರಹಟ್ಟಿ.
ಹುಬ್ಬಳ್ಳ್ಯಾಗ ಹಳೇ ಗೋದಾಮಿನ ಮ್ಯಾಲೆ ಎಂಟು ಹಾಸಿಗಿ.
ಲಕ್ಷ್ಮೇಶ್ವರದ ಬಳೆಗಾರ ಖಾದರಲಿ
ಯಾವ ಮನ್ಯಾಗ ಯಾರು ಮಲಗ್ಯಾರಂತ ಬಳಿ ಇಡಸೂವಾಗ ತಿಳಕೊಂಡು
ಸಂಜೀಕ ಫೋನು.
ಸವಣೂರ ಬಸ್ಸಿನ ಕಂಡಕ್ಟರು ಬ್ಯಾಂಡೇಜಿನ ಗಂಟಿಗೆ
ಲಗೇಜ್ ಚೀಟಿ ಹರೀಲಿಲ್ಲ ಒಂದ ದಿನಾನೂ.
ಇದಕ್ಕ ಮೀಟಿಂಗಿನ್ಯಾಗ ‘ಜಾಲ’ ಅಂತಾರ.
ನನಗ ಗೊತ್ತಿರೂದು, ಕನ್ನಡಿ ಮ್ಯಾಲೆ ಸಿಕ್ಕಿಸಿದ ಚೀಟಿ,
ಗಾಳಿಗೆ ಹಾರಿದರ ಗಾಡಿ ನಿಂದರಿಸಿ ಆರಸಬೇಕು.

ಆಡಿಟಿನಾಂವ ಬೆರಳಿಟ್ಟಾನ:
‘ನರೇಗಲ್, ಅರವತ್ತೆರಡು ಕಿಲೋಮೀಟರು.
ಉದ್ದೇಶ, ಜಗಳ. ಏನಿದು?’
ಜಗಳಾನ ಸಾಹೇಬ್ರ.
ಗುರುಶಾಂತವ್ವಗ ತಂಗೀ ಕೂಡ ಮೂಗುಬಟ್ಟಿನ ಮ್ಯಾಲೆ
ಹನ್ನೆರಡು ವರ್ಷದ ಹಗೆ.
ಗುಳಿಗಿ ತಗೊಂಡು ಎರಡು ರಾತ್ರಿ ನಿದ್ದಿ ಮಾಡಿದ್ದಳು,
ಮೂರನೇ ದಿನ ಅಂದಳು, ‘ಈಗ ನನಗ ಬಯ್ಯಾಕ ಶಕ್ತಿ ಐತಿ.’
ಗಾಡಿ ಇಳೀಲಿಲ್ಲ. ಮಲಕೊಂಡ ಬೈದಳು, ಅರ್ಧ ತಾಸು.
ಬಾಳವ್ವನೂ ಬಿಡಲಿಲ್ಲ, ಅಂಗಳದಾಗಿಂದ.
ಬರೂ ಮುಂದ ಗಜೇಂದ್ರಗಡ ಕ್ರಾಸಿನ್ಯಾಗ
ಚಾ ಬೇಕಂದಳು, ಸಕ್ಕರಿ ಜಾಸ್ತಿ.

‘ಜಗಳಕ್ಕ ಡೀಸೆಲ್ ಮಂಜೂರಿಲ್ಲ.’
ಸಿಸ್ಟರು ಪೆನ್ನು ತಗೊಂಡು ಅದನ್ನ ಹೊಡದು
‘ನೋವು ನಿವಾರಣೆ’ ಬರದರು. ಸಹಿ ಆತು.

ಹಳೇ ಗಾಡಿ ಈಗ ಯಾವನೋ ಹುಡುಗ ಹೊಡೀತಾನ.
ಎದರ ಬಂದರ ಲೈಟು ಇಳಸತಾನ, ನಾನೂ ಇಳಸತೀನಿ.
ಯಾರ ಮನಿಗಂತ ಕೇಳೂದಿಲ್ಲ.

ಮಣ್ಣಿಗೆ ಬಾಳವ್ವ ಬಂದಿದ್ದಿಲ್ಲ.
ಮುಂದಿನ ಗುರುವಾರ ನರೇಗಲ್ ಅಗಸ್ಯಾಗ
ಗಾಡಿಗೆ ಅಡ್ಡ ಬಂದಳು:
‘ಕಡೀಕ ಏನರೆ ಅಂದಳೇನು, ನನಗ?’

ಏನೂ ಅಂದಿದ್ದಿಲ್ಲ ಆಕಿ.
ಕಡೀ ಎರಡು ದಿನ ಮಾತಿಲ್ಲ, ಬರೇ ಉಸರು.

‘ಬೈದಳು,’ ಅಂದೆ.
‘ಖರೇನ?’
‘ನಿನ್ನ ಹೆಸರು ಹಿಡದು.’

ಬಾಯಿಗೆ ಸೆರಗು ಒತ್ತಿಗೊಂಡಳು,
ನಕ್ಕಳೋ ಏನೋ, ಬಿಸಲಿತ್ತು.
ಗಾಡಿ ಎಂಟು ನಿಮಿಷ ಅಲ್ಲೇ ನಿಂತದ್ದು
ಯಾವ ಮನ್ಯಾಗೂ ಬರೀಲಿಲ್ಲ.